ಜಟಗನ ಸಾಕ್ಷಿ ಸಾಲಲಿಲ್ಲ

ಈ ಕಡಲ ಕೇರಿಯಲ್ಲಿ ಜಗಳ ಬಂದರೆ ಯಾರೂ ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ. ಬಲೆಯ ಪಾಲಿನ ಜಗಳವಿರಲಿ, ದೋಣಿ ಎಳೆದಿಡುವ ಜಾಗದ ಜಗಳವಿರಲಿ, ಎಲ್ಲದಕ್ಕೂ ಜಟಗ ದೇವರ ಕಟ್ಟೆಯೇ ನ್ಯಾಯಸ್ಥಾನ. ಕಟ್ಟೆಯ ಮೇಲೆ ತೆಂಗಿನಕಾಯಿ ಇಡಬೇಕು, ಕಾಯಿ ಮುಟ್ಟಿ ಹೇಳಬೇಕು. ಕಾಯಿ ಮುಟ್ಟಿ ಸುಳ್ಳು ಹೇಳಿದವರನ್ನು ಗಣಪಿ ಇವತ್ತಿನ ತನಕ ಕಂಡಿಲ್ಲ. ಆದರೂ ಅವಳ ಮನೆ ಹೋಯಿತು.

ಮನೆ ಅವಳ ದೊಡ್ಡಪ್ಪ ಅಣ್ಣಪ್ಪನದು. ಹೊನ್ನಾವರದಿಂದ ಅಪ್ಸರಕೊಂಡಕ್ಕೆ ಹೋಗುವ ದಾರಿಯ ಕೆಳಗೆ, ಸಮುದ್ರಕ್ಕೆ ಮುಖ ಮಾಡಿದ ಹೆಂಚಿನ ಮನೆ. ಮೀನು ಹಿಡಿದು ಅವನೇ ಕಟ್ಟಿಸಿದ್ದು. ಮಕ್ಕಳಿಲ್ಲದ ದೊಡ್ಡಮ್ಮ ತನ್ನ ತಂಗಿಯ ಮಗಳಾದ ಗಣಪಿಯನ್ನು ಚಿಕ್ಕಂದಿನಲ್ಲೇ ಕರೆತಂದು ಸಾಕಿದ್ದಳು. ದತ್ತಕ ಗಿತ್ತಕ ಅಂತ ಏನೂ ಮಾಡಿರಲಿಲ್ಲ. ಸಾಕಿದರು, ಬೆಳೆದಳು, ಅಷ್ಟೇ. ದೊಡ್ಡಮ್ಮ ಹಾಸಿಗೆ ಹಿಡಿದಾಗ ಕೈಹಿಡಿದು ಎಬ್ಬಿಸಿ ಕೂರಿಸಿದವಳು ಗಣಪಿ. ಆಮೇಲೆ ಒಂಟಿಯಾದ ಮುದುಕನಿಗೆ ಗಂಜಿ ಬೇಯಿಸಿ ಹಾಕಿದವಳೂ ಅವಳೇ. ಗಂಡ ತೀರಿಕೊಂಡ ಮೇಲೆ ಅವಳಿಗೂ, ಮಗಳು ವೀಣಾಳಿಗೂ ಬೇರೆ ನೆಲೆ ಇರಲಿಲ್ಲ.

ಮಹಿಳಾ ಸಂಘದ ಮಾಲತಿ ಕಾನೂನು ಶಿಬಿರಕ್ಕೆ ಹೋಗಿ ಬಂದವಳು. ಒಂದು ದಿನ ಜಗಲಿಯಲ್ಲಿ ಬಲೆ ಹೆಣೆಯುತ್ತ ಕೂತಿದ್ದ ಅಣ್ಣಪ್ಪನ ಹತ್ತಿರ ಮಾತು ತೆಗೆದಳು.

“ಅಣ್ಣಪ್ಪಣ್ಣ, ಮನೆ ಗಣಪಿಗೆ ಅಂತ ಒಂದು ಉಯಿಲು ಬರೆದಿಡು. ಇಲ್ದಿದ್ರೆ ನಿನ್ನ ಹಿಂದೆ ಅವಳಿಗೆ ಒಂದು ಹೆಂಚೂ ಸಿಗೂದಿಲ್ಲ. ಕಾನೂನಿನ ಪ್ರಕಾರ ನಿನ್ನ ವಾರಸುದಾರ ಅಂದ್ರೆ ನಿನ್ನ ತಮ್ಮ ಮಾದೇವ.”

“ಎಂತ ಮಾತೇ ನಿಂದು! ಉಯಿಲು ಬರೆಯೂದು ಅಂದ್ರೆ ಯಮಂಗೆ ಮನೆ ದಾರಿ ತೋರ್ಸಿದ ಹಾಂಗೆ.”

“ಬರೆದೋರೆಲ್ಲ ಸಾಯೂದಾದ್ರೆ ವಕೀಲರ ಅಂಗಳದ ತುಂಬ ಹೆಣ ಬಿದ್ದಿರ್ತಿತ್ತು ಮಾರಾಯಾ! ನೀ ಇರೂ ತನಕ ಮನೆ ನಿಂದೇ. ಮನಸ್ಸು ಬದಲಾದ್ರೆ ಬೇರೆ ಬರಿ, ಕೊನೆಗೆ ಬರೆದದ್ದೇ ನಡೀತದೆ. ಸ್ಟಾಂಪ್ ಪೇಪರೂ ಬೇಡ, ಬಿಳಿ ಹಾಳೆ ಸಾಕು. ನಿನ್ನ ಸಹಿ ಬೇಕು, ನೀ ಸಹಿ ಹಾಕೂದನ್ನ ಕಂಡ ಇಬ್ಬರ ಸಹಿ ಬೇಕು.”

“ಇಬ್ರನ್ನ ಕರೆದ್ರೆ ಸಂಜೆ ಒಳಗೆ ಮೀನು ಮಾರ್ಕೆಟ್ ತುಂಬ ಸುದ್ದಿ. ನನ್ನ ತಮ್ಮಂಗೆ ಎಂತ ಅನ್ಸೂದಿಲ್ಲ?” ಅಂದ ಅಣ್ಣಪ್ಪ, ಮತ್ತೆ ಬಲೆಗೆ ಕೈ ಹಾಕಿದ.

ಆದರೆ ಮಾತು ಅವನ ತಲೆಯಲ್ಲಿ ಕೂತಿತು. ಅಮಾವಾಸ್ಯೆಯ ದಿನ ಒಂದು ಹಾಳೆಯಲ್ಲಿ ತಾನೇ ಬರೆದ. ‘ನನ್ನ ನಂತರ ಮನೆ, ಜಾಗ ಎಲ್ಲ ಗಣಪಿಗೆ.’ ಸಹಿ ಹಾಕಿದ. ಅದರ ಕೆಳಗೆ ಬರೆದ, ‘ಸಾಕ್ಷಿ: ಶ್ರೀ ಜಟಗ ದೇವರು.’ ಹಾಳೆಯನ್ನು ಕಟ್ಟೆಯ ಮೇಲಿಟ್ಟು, ಕಾಯಿ ಒಡೆದು, ಕುಂಕುಮ ಹಚ್ಚಿ ತಂದ.

“ಆತು ಗಣಪಿ, ನಿನ್ನ ಕೆಲಸ ಮುಗೀತು. ಮನುಷ್ಯರ ಸಾಕ್ಷಿ ಎಂತಕ್ಕೆ? ನಾಳೆ ಅವ್ರು ತಿರುಗಿ ಬೀಳ್ತಾರೆ. ಜಟಗ ತಿರುಗಿ ಬೀಳೂದಿಲ್ಲ.”

ಗಣಪಿಯ ಕಣ್ಣು ತುಂಬಿತು. ಆ ಹಾಳೆಯನ್ನು ಮಾಲತಿಗೆ ಒಮ್ಮೆ ತೋರಿಸೋಣ ಅನ್ನಿಸಿತು. ತೋರಿಸಲಿಲ್ಲ. ‘ಮುದುಕ ಇರುವಾಗಲೇ ಆಸ್ತಿಗೆ ಬಾಯಿ ಬಿಟ್ಟಳು’ ಅಂದಾರು ಅಂತ ನಾಚಿಕೆ. ಹಾಳಾದ ನಾಚಿಕೆ!

ಮಳೆಗಾಲ ಶುರುವಾಗುವಾಗ ಅಣ್ಣಪ್ಪ ಅದೇ ಜಗಲಿಯಲ್ಲಿ ಕುಸಿದು ಬಿದ್ದ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು. ಶಿರಾಲಿಯಿಂದ ಮಾದೇವ ಓಡಿ ಬಂದ, ಅಣ್ಣನ ಕಾಲು ಹಿಡಿದು ಅತ್ತ. ಕ್ರಿಯೆಗಳೆಲ್ಲ ಮುಗಿಯುವ ತನಕ ಮನೆಯ ಮಾತು ಎತ್ತಲಿಲ್ಲ. ಮುಗಿದ ಮೇಲೆ, “ಗಣಪಿ, ಹೋಂ ಸ್ಟೇ ಮಾಡೂಕೆ ಒಬ್ರು ಜಾಗ ಕೇಳ್ತಿದ್ರು. ನೀ ಬೇರೆ ಕಡೆ ನೋಡ್ಕಾ,” ಅಂದ.

ಗಣಪಿ ಹಾಳೆ ತೋರಿಸಿದಳು. ಅವನು ಓದಿ, ಮಡಚಿ, ವಾಪಸು ಕೊಟ್ಟ.

ಮಾಲತಿಯ ಜೊತೆ ಅವಳು ವಕೀಲರ ಹತ್ತಿರ ಹೋದಳು. ವಕೀಲರು ಕುಂಕುಮದ ಕಲೆಯಾದ ಹಾಳೆಯನ್ನು ಎರಡು ಸಲ ಓದಿದರು. ನಗಲಿಲ್ಲ.

“ಅಕ್ಷರ ಅವರದ್ದೇ, ಸಹಿಯೂ ಅವರದ್ದೇ. ಆದ್ರೆ ಉಯಿಲಿಗೆ ಇಬ್ಬರು ಮನುಷ್ಯರ ಸಾಕ್ಷಿ ಸಹಿ ಬೇಕೇ ಬೇಕು ತಂಗಿ. ದೇವರನ್ನ ಕೋರ್ಟಿಗೆ ಕರೆಸೂದು ಹೆಂಗೆ?”

ಗಣಪಿಗೆ ಇನ್ನೊಂದು ಆಸೆ ಉಳಿದಿತ್ತು. ಮಾದೇವನನ್ನು ಜಟಗನ ಕಟ್ಟೆಗೆ ಕರೆದಳು. ಅವನು ಬಂದ. ಕಾಯಿ ಇಟ್ಟು ಅವಳು ಕೇಳಿದಳು.

“ಚಿಕ್ಕಪ್ಪ, ಕಾಯಿ ಮುಟ್ಟಿ ಹೇಳು. ದೊಡ್ಡಪ್ಪ ಈ ಮನೆ ಯಾರಿಗೆ ಅಂತಿದ್ದ?”

ಮಾದೇವ ಕಾಯಿ ಮುಟ್ಟಿದ. ಸುಳ್ಳು ಹೇಳಲಿಲ್ಲ.

“ನಿಂಗೇ ಅಂತಿದ್ದ. ಅಕ್ಷರ ಅವಂದೇ, ಮನಸ್ಸೂ ಅವಂದೇ. ನಾ ಇಲ್ಲ ಅಂದೆನಾ? ಆದ್ರೆ ಕಾನೂನು ನಂಗೆ ಕೊಟ್ಟದೆ ಗಣಪಿ. ನಂಗೂ ಮಕ್ಕಳಿದ್ದಾರೆ.”

ಕಾಯಿಯಿಂದ ಕೈ ತೆಗೆದು ಅವನು ಬಸ್ಸಿಗೆ ನಡೆದ. ಗಣಪಿ ಕಟ್ಟೆಯ ಕೆಳಗೆ ಕೂತಳು. ಅವನು ಸುಳ್ಳನ್ನಾದರೂ ಹೇಳಿದ್ದರೆ ಶಾಪ ಹಾಕಬಹುದಿತ್ತು. ನಿಜ ಹೇಳಿಯೂ ಮನೆ ತಗೊಂಡವನಿಗೆ ಏನಂತ ಶಾಪ ಹಾಕುವುದು?

ಈಗ ತಾಯಿ ಮಗಳು ಹೊನ್ನಾವರ ಪೇಟೆಯ ಹಿಂದೆ ಒಂದು ಬಾಡಿಗೆ ಕೋಣೆಯಲ್ಲಿದ್ದಾರೆ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ವೀಣಾ, “ಅಮ್ಮ, ನಮ್ಮನೆಗೆ ಯಾವಾಗ ಹೋಗೂದು?” ಅನ್ನುವುದನ್ನು ಈಚೆಗೆ ಬಿಟ್ಟಿದ್ದಾಳೆ. ಅವಳು ಕೇಳುತ್ತಿದ್ದಾಗಿನದಕ್ಕಿಂತ ಕೇಳದಿರುವಾಗಲೇ ಗಣಪಿಗೆ ಹೆಚ್ಚು ಸಂಕಟ.

ಮೊನ್ನೆ ಕೇರಿಯ ಗಂಗಕ್ಕ ಉಯಿಲಿಗೆ ಸಾಕ್ಷಿ ಹಾಕಲು ಗಣಪಿಯನ್ನು ಕರೆಯಲು ಬಂದಿದ್ದಳು. ಅವಳಿಗೆ ಎರಡು ಗಂಡು ಮಕ್ಕಳು, ಜೊತೆಗೆ ನಡೆಯಲಾರದ ಮಗಳು ಸುಪ್ರಿಯಾ. ಗಂಡ ಶಿವಣ್ಣ ಉಯಿಲು ಅಂದರೆ ಸಿಡುಕುತ್ತಿದ್ದವನು. “ಮಕ್ಕಳು ಅವಳನ್ನ ಬಿಡ್ತಾರಾ? ಎಂತ ಹೇಳ್ತೆ!” ಅನ್ನುತ್ತಿದ್ದ. ಗಣಪಿ ಸಾಮಾನು ಕಟ್ಟಿಕೊಂಡು ಹೋದ ದಿನ ಅವನು ಅನ್ನ ಮುಟ್ಟಲಿಲ್ಲವಂತೆ. ಮರುದಿನವೇ ಮಾಲತಿಯನ್ನು ಕರೆಸಿ, ತಾನು ದುಡಿದು ಮಾಡಿದ ಮನೆ ಸುಪ್ರಿಯಾಳಿಗೆ ಅಂತ ಬರೆಸಿದ. ಮೊನ್ನೆ ಅದಕ್ಕೆ ಸಹಿಯಾಯಿತು, ಸಾಕ್ಷಿಗೆ ಒಬ್ಬಳು ಮಾಲತಿ, ಇನ್ನೊಬ್ಬಳು ಗಣಪಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯೂ ಆಯಿತು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಗಟ್ಟಿ.

ಹೊರಗೆ ಬಂದು ಗಂಗಕ್ಕ ಗಣಪಿಯ ಕೈ ಹಿಡಿದಳು. “ನಿನ್ನ ಪುಣ್ಯದಿಂದ ನನ್ನ ಕೂಸಿಗೆ ಒಂದು ಸೂರು ಉಳೀತು.”

“ಪುಣ್ಯ ಅಲ್ಲ ಅಕ್ಕ,” ಅಂದಳು ಗಣಪಿ, “ನನ್ನ ಗತಿ ನೋಡಿ ಉಳೀತು.” ಅಲ್ಲಿಯೇ ಮೆಟ್ಟಿಲ ಮೇಲೆ ಕೂತು ಅತ್ತಳು.

ಓದಿದ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಕಾನೂನಿನ ಕಣ್ಣಿಗೆ ಕಾಣದ ಒಬ್ಬಳು ಗಣಪಿ ಇರಬಹುದು. ಬಾಯಿಮಾತು ನಂಬಬೇಡಿ. ನಿಮ್ಮ ಸ್ವಂತ ಆಸ್ತಿ ಯಾರಿಗೆ ಅಂತ ಬರೆಯಿರಿ. ನಿಮಗಿಂತ ಕಿರಿಯರಾದ, ಆ ಆಸ್ತಿಯಲ್ಲಿ ಪಾಲು ಇಲ್ಲದ ಇಬ್ಬರನ್ನು ಕರೆದು ಅವರ ಎದುರಿಗೇ ಸಹಿ ಮಾಡಿ, ಅವರಿಂದಲೂ ಮಾಡಿಸಿ. ಹಿಂದೆಂದೋ ಬರೆದಿಟ್ಟಿದ್ದರೆ ತೆಗೆದು ನೋಡಿ. ಮನೆಯಲ್ಲಿ ಸಾವೋ ಮದುವೆಯೋ ಆಗಿದ್ದರೆ ಹೊಸದಾಗಿ ಬರೆಯಿರಿ. ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಉಚಿತವಾಗಿ ನೆರವು ಸಿಗುತ್ತದೆ.

ದೇವರಿಗೆ ಕೈ ಮುಗಿಯಿರಿ, ಯಾರು ಬೇಡ ಅಂದರು? ಮುಗಿದ ಮೇಲೆ ಇಬ್ಬರು ನೆರೆಯವರನ್ನು ಕೂಗಿ ಕರೆಯಿರಿ. ಗಣಪಿಯ ಮನೆ ಇನ್ನು ತಿರುಗಿ ಬರುವುದಿಲ್ಲ. ನಿಮ್ಮದು ಇನ್ನೂ ಹೋಗಿಲ್ಲ.