ಬಿಚ್ಚಿ ಕಟ್ಟಿದ ತೊಟ್ಟಿಲು

ಅರಸೀಕೆರೆಯ ದೇವರಾಜ್ ಮನೆಯಲ್ಲಿ ಕಾರ್ ಶೆಡ್ ಇದೆ, ಕಾರಿಲ್ಲ. ಮನೆ ಕಟ್ಟಿಸುವಾಗ ಇಂದಲ್ಲ ನಾಳೆ ಕಾರು ಬಂದೇ ಬರುತ್ತದೆ ಎಂದು ಹಟ ಹಿಡಿದು ಶೆಡ್ ಹಾಕಿಸಿದ್ದ. ಕಾರಿಗಿಂತ ಮೊದಲು ಅವನ ಹೆಂಡತಿ ಲತಾಮಣಿ ಒಳಗೊಂದು ಉದ್ದನೆಯ ಮೇಜು ತಂದಿಟ್ಟಳು. ಮೇಜಿನ ಮೇಲೆ ಗರಗಸ ಬಂತು, ಗೋಡೆಗೆ ಉಳಿಗಳು ಸಾಲಾಗಿ ನೇತುಬಿದ್ದವು, ಮೂಲೆಯಲ್ಲಿ ಹಲಗೆಗಳ ರಾಶಿ ಬಿತ್ತು. ಅಲ್ಲಿಗೆ ಕಾರಿನ ಕಥೆ ಮುಗಿಯಿತು.

ಲತಾಮಣಿ ಬಾಣಾವರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಬೆಳಗ್ಗೆ ರೈಲು ಹತ್ತಿ ಹೋಗಿ, ಸಂಜೆ ರೈಲಿನಲ್ಲಿ ಬಂದು, ಕಾಫಿ ಕುಡಿದು ಶೆಡ್ ಸೇರಿದಳೆಂದರೆ ಮತ್ತೆ ಊಟಕ್ಕೇ ಈಚೆ ಬರುವುದು. ಮರಗೆಲಸವನ್ನು ಅವಳಿಗೆ ಯಾರೂ ಕಲಿಸಿಕೊಡಲಿಲ್ಲ. ವಿಡಿಯೋ ನೋಡುತ್ತ, ಕೈ ಕೊಯ್ದುಕೊಳ್ಳುತ್ತ, ಒಳ್ಳೊಳ್ಳೆಯ ಹಲಗೆ ಹಾಳು ಮಾಡುತ್ತ ತಾನೇ ಕಲಿತಳು. ಅವಳು ಮಾಡಿದ ಮೊದಲ ಸ್ಟೂಲಿನ ಮೇಲೆ ಕೂತು ದೇವರಾಜ್ ಅಂಗಾತ ಬಿದ್ದಿದ್ದ. ಗಂಡನನ್ನು ಎಬ್ಬಿಸುವ ಮೊದಲು ಅವಳು ಸ್ಟೂಲನ್ನು ಎತ್ತಿ ಯಾವ ಕಾಲು ಕೈಕೊಟ್ಟಿತು ಎಂದು ನೋಡಿದಳು. ಈ ಸಂಗತಿಯನ್ನು ದೇವರಾಜ್ ಬಂದವರಿಗೆಲ್ಲ ಹೇಳುತ್ತಾನೆ, ಅವಳು ಅಲ್ಲಗಳೆಯುವುದೂ ಇಲ್ಲ.

ಈಗ ಅವಳು ಮಾಡುವ ಸ್ಟೂಲುಗಳ ಮೇಲೆ ಯಾರು ಬೇಕಾದರೂ ಕುಣಿಯಬಹುದು. 'ಶೆಡ್ ಕೆಲಸ' ಅಂತ ಅವಳದೊಂದು ಯೂಟ್ಯೂಬ್ ಚಾನೆಲ್ಲೂ ಇದೆ. ಕ್ಯಾಮೆರಾ ದೇವರಾಜನದು. ತಾಲ್ಲೂಕು ಕಚೇರಿಯಲ್ಲಿ ದಿನವಿಡೀ ಗುಮಾಸ್ತೆ ಕೆಲಸ ಮಾಡುವ ಈ ಮನುಷ್ಯನಿಗೆ ಸ್ಟ್ಯಾಂಡಿನ ಮೇಲೆ ಫೋನ್ ಇಟ್ಟ ಕೂಡಲೇ ಎಲ್ಲಿಲ್ಲದ ಅಧಿಕಾರ ಬಂದುಬಿಡುತ್ತದೆ.

"ಸ್ವಲ್ಪ ನಿಧಾನಕ್ಕೆ ಉಜ್ಜು ಕಣೇ. ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ಎದ್ರೆ ಜನ ಇಷ್ಟಪಡ್ತಾರೆ" ಅನ್ನುತ್ತಾನೆ.

"ಅದು ಮರ ಹೇಳ್ದಂಗೆ ಏಳುತ್ತೆ ಕಣ್ರೀ, ಜನ ಹೇಳ್ದಂಗಲ್ಲ" ಅನ್ನುತ್ತಾಳೆ ಅವಳು, ತನ್ನ ಪಾಡಿಗೆ ಉಜ್ಜುತ್ತಾಳೆ. ಚಾನೆಲ್ ನೋಡುವವರಿಗೆ ಕೆಲಸದಷ್ಟೇ ಈ ಜಗಳವೂ ಇಷ್ಟ.

ಹೀಗಿರುವಾಗ ಮಗಳು ಧನುಶ್ರೀ ಬಾಣಂತನಕ್ಕೆ ಬಂದಳು, ಹೆಣ್ಣುಮಗು ಹುಟ್ಟಿತು. ನಾಮಕರಣ ಅಳಿಯ ಸತೀಶನ ಊರಾದ ಬೇಲೂರಿನಾಚೆಯ ಗೆಂಡೆಹಳ್ಳಿಯಲ್ಲಿ. ತೊಟ್ಟಿಲು ತೌರಿನಿಂದ ಹೋಗಬೇಕು. ಲತಾಮಣಿ ಯಾರನ್ನೂ ಕೇಳದೆ ಗಂಡಸಿಯ ತನ್ನ ತಂದೆಯ ತೋಟದಲ್ಲಿ ಬಿದ್ದಿದ್ದ ಹಲಸಿನ ಮರವನ್ನು ಹಲಗೆ ಕೊಯ್ಸಿ ತಂದಳು. ಮೊಮ್ಮಗಳು ತನ್ನ ಕೈಯಾರೆ ಮಾಡಿದ ತೊಟ್ಟಿಲಲ್ಲೇ ಮಲಗಬೇಕು, ಇಷ್ಟೇ ಅವಳ ಆಸೆ. ಇಷ್ಟು ವರ್ಷ ಮಾಡಿದ ಸ್ಟೂಲು, ಶೆಲ್ಫು, ಮಣೆ ಎಲ್ಲವೂ ಇದಕ್ಕಾಗಿ ಮಾಡಿದ ಅಭ್ಯಾಸ ಅನ್ನಿಸಿತ್ತು ಅವಳಿಗೆ.

ಸತೀಶನ ತಾಯಿ ಲಲಿತಮ್ಮ ಮಗು ನೋಡಲು ಬಂದವರು ಶೆಡ್ಡಿನೊಳಗೆ ಇಣುಕಿ, ಅರ್ಧ ಆಗಿದ್ದ ತೊಟ್ಟಿಲನ್ನು ಬೆರಳಲ್ಲಿ ತಟ್ಟಿ ನೋಡಿದರು.

"ಟೀಚರಮ್ಮ, ಇದು ಮಗೀಗೋ, ವಿಡಿಯೋಕ್ಕೋ?"

"ಮಗೂಗೆ ಲಲಿತಕ್ಕ. ವಿಡಿಯೋ ಅದರ ಹಿಂದೆ."

"ಬೇಲೂರಲ್ಲಿ ಕಬ್ಬಿಣದ್ದು ಚೆನ್ನಾಗಿರೋವು ಸಿಕ್ತವೆ. ನಿಮಗ್ಯಾಕೆ ಸುಮ್ನೆ ತೊಂದ್ರೆ" ಎಂದರು ಲಲಿತಮ್ಮ, ನಗುನಗುತ್ತಲೇ. ಬೀಗರು ನಗುತ್ತ ಆಡಿದ ಮಾತು ಎಷ್ಟು ದಿನ ಚುಚ್ಚುತ್ತದೆ ಎಂಬುದು ಹೆಣ್ಣು ಕೊಟ್ಟವರಿಗೆ ಗೊತ್ತು. ಲತಾಮಣಿ ಅಂದಿನಿಂದ ಇನ್ನಷ್ಟು ಬಿಗಿಯಾಗಿ ಕೆಲಸಕ್ಕೆ ಕೂತಳು.

ಆ ತೊಟ್ಟಿಲಿಗೆ ಅವಳು ಒಂದು ಮೊಳೆ ಹೊಡೆಯಲಿಲ್ಲ, ಒಂದು ತೊಟ್ಟು ಗಮ್ ಹಾಕಲಿಲ್ಲ. ಒಂದು ಪಟ್ಟಿಯ ತುದಿ ಇನ್ನೊಂದರ ತೂತಿನೊಳಗೆ ತೂರಿ ಆಚೆ ಬರಬೇಕು, ಹೊರಬಂದ ತುದಿಗೆ ಅಡ್ಡಲಾಗಿ ಒಂದು ಬೆಣೆ ಹೊಡೆದರೆ ಬಿಗಿ. ಗಮ್ ಹಾಕಿಬಿಟ್ಟರೆ ಕೆಲಸ ಬೇಗ ಮುಗಿಯುತ್ತದಲ್ಲ ಎಂದು ದೇವರಾಜ್ ಗೊಣಗಿದ.

"ತೊಟ್ಟಿಲು ಒಂದು ಮಗೂಗೆ ಮುಗಿಯೋ ಸಾಮಾನಲ್ಲ ಕಣ್ರೀ. ಮಗು ದೊಡ್ಡದಾದ್ಮೇಲೆ ಬಿಚ್ಚಿ ಅಟ್ಟಕ್ಕೆ ಹಾಕ್ತಾರೆ. ಆಮೇಲೆ ಇನ್ಯಾರೋ ನೆಂಟರು ಕೇಳ್ಕೊಂಡು ಬರ್ತಾರೆ. ಕಟ್ಟೋಕೂ ಬರಬೇಕು, ಬಿಚ್ಚೋಕೂ ಬರಬೇಕು" ಎಂದಳು ಅವಳು.

ನಾಮಕರಣಕ್ಕೆ ವಾರ ಇರುವಾಗ ತೊಟ್ಟಿಲು ಮುಗಿಯಿತು. ಹಲಸಿನ ಹಳದಿಗೆ ಎಣ್ಣೆ ಹಚ್ಚಿದಾಗ ಶೆಡ್ಡಿಗೇ ಬೆಳಕು ಬಂದಂತಾಯಿತು. ದೇವರಾಜ್ ಫೋನ್ ಹಿಡಿದು ನಿಂತ. ಲತಾಮಣಿ ತೊಟ್ಟಿಲ ಅಂಚಿಗೆ ಒಂದೇ ಬೆರಳು ತಾಗಿಸಿ ತೂಗಿಬಿಟ್ಟಳು. ಅದು ಹೋಗಿ ಬಂತು, ಹೋಗಿ ಬಂತು. ಅವಳು ಕಿವಿಗೊಟ್ಟು ಕೇಳಿ, ಕ್ಯಾಮೆರಾ ಕಡೆ ತಿರುಗಿ, "ಕೇಳಿ, ಒಂದು ಸದ್ದಿಲ್ಲ" ಎಂದಳು. ಅವಳ ಮುಖದಲ್ಲಿ ಆಗ ಇದ್ದ ಹೆಮ್ಮೆ ನೋಡಿ ದೇವರಾಜ್ ಅದೇ ತುಣುಕನ್ನು ವಿಡಿಯೋದ ಮೊದಲಿಗೆ ಹಾಕಿದ.

ಸಂಜೆ ಅವನು ಕಾಮೆಂಟುಗಳನ್ನು ಗಟ್ಟಿಯಾಗಿ ಓದತೊಡಗಿದ. ಮೊದಮೊದಲು ಭೇಷ್, ಶಹಭಾಸ್. ಆಮೇಲೆ ಅವನ ದನಿ ತಗ್ಗಿತು. ಅಮ್ಮಾ, ಖಾಲಿ ತೊಟ್ಟಿಲು ತೂಗಬಾರದು. ಮೇಡಂ, ಖಾಲಿ ತೊಟ್ಟಿಲು ತೂಗಿದರೆ ಮಗುವಿಗೆ ಒಳ್ಳೆಯದಲ್ಲ. ತುಮಕೂರಿನವರು, ಮಂಡ್ಯದವರು, ದುಬೈಯಲ್ಲಿರುವವರು, ಎಲ್ಲರದೂ ಅದೇ ಮಾತು.

"ಇವರಿಗೆ ಬೇರೆ ಕೆಲಸ ಇಲ್ವಾ" ಎಂದಳು ಲತಾಮಣಿ. ಅವಳ ಮನೆಯಲ್ಲಿ ರಾಹುಕಾಲವಿಲ್ಲ, ಪಂಚಾಂಗವಿಲ್ಲ, ಹಾಲಿನ ಗೋಡೆಯ ಮೇಲೆ ಬುದ್ಧನ ಪಟವೊಂದೇ. ಹಾಗಂತ ಈ ಮಾತನ್ನು ಅವಳು ಕೇಳಿಯೇ ಇರಲಿಲ್ಲ ಎಂದಲ್ಲ, ಚಿಕ್ಕಂದಿನಲ್ಲಿ ಇದೇ ಕಾರಣಕ್ಕೆ ಅಜ್ಜಿಯ ಕೈಯಲ್ಲಿ ಏಟು ತಿಂದವಳೇ. ಆದರೆ ಶೆಡ್ಡಿನಲ್ಲಿ ಅವಳಿಗೆ ಕಂಡದ್ದು ತೊಟ್ಟಿಲಲ್ಲ, ಬರೀ ಬೆಣೆ ಮತ್ತು ತೂತು.

ಅಷ್ಟರಲ್ಲಿ ಗೆಂಡೆಹಳ್ಳಿಯಿಂದ ಫೋನ್ ಬಂತು. ಲಲಿತಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

"ಟೀಚರಮ್ಮ, ವಿಡಿಯೋ ನೋಡ್ದೆ. ಕೆಲಸ ಅಚ್ಚುಕಟ್ಟಾಗೈತೆ, ಸುಳ್ಳು ಹೇಳಲ್ಲ. ಆದ್ರೆ ಆ ತೊಟ್ಟಿಲು ನಮ್ಮನೆಗೆ ಬ್ಯಾಡ."

"ಅಕ್ಕ, ಅದು ಸದ್ದು ಬರುತ್ತಾ ಅಂತ ನೋಡೋಕೆ..."

"ನೀವು ನಂಬಲ್ಲ, ನಂಗೊತ್ತು. ನಮ್ಮ ಸತೀಶನಿಗಿಂತ ಮುಂಚೆ ನಂಗೊಂದು ಹೆಣ್ಮಗ ಇತ್ತು. ಅದು ಹೋದ್ಮೇಲೆ ತೊಟ್ಟಿಲು ಬಿಚ್ಚೋಕೆ ಮನೇಲಿ ಯಾರಿಗೂ ಕೈ ಬರಲಿಲ್ಲ. ಗಾಳಿ ಬಂದ್ರೆ ಅದರ ಪಾಡಿಗೆ ಅದು ತೂಗೋದು. ನಾನು ಒಲೆ ಮುಂದೆ ಕೂತ್ಕಂಡು ನೋಡೋಳು. ಇವತ್ತು ಫೋನಲ್ಲಿ ಅದನ್ನೇ ನೋಡ್ದಂಗಾಯ್ತು, ಅಷ್ಟೇಯ. ಬೇಜಾರು ಮಾಡ್ಕಬ್ಯಾಡಿ."

ಫೋನ್ ಇಟ್ಟು ಲತಾಮಣಿ ಮನೆಯವರಿಗೆ ವಿಷಯ ಹೇಳಿದಳು. ಮಗುವಿಗೆ ಹಾಲೂಡಿಸುತ್ತಿದ್ದ ಧನುಶ್ರೀ ರೇಗಿದಳು: "ಈ ಕಾಲದಲ್ಲೂ ಇದೆಲ್ಲಾ ಏನಮ್ಮ? ನಾನು ಅತ್ತೆ ಹತ್ರ ಮಾತಾಡ್ತೀನಿ ಬಿಡು."

"ನೀನು ಸುಮ್ನಿರು ಧನು. ಅವರು ವಾದಕ್ಕೆ ಫೋನ್ ಮಾಡ್ಲಿಲ್ಲ" ಎಂದಳು ಲತಾಮಣಿ. ಗಂಡನ ಕಡೆ ತಿರುಗಿ, "ತೆಗೀರಿ ಆ ವಿಡಿಯೋ" ಎಂದಳು. ದೇವರಾಜ್ ಎರಡನೇ ಮಾತಾಡದೆ ತೆಗೆದ.

ಅವಳಿಗೆ ನಾಚಿಕೆಯಾಗಿತ್ತು, ಅಷ್ಟೇ ದುಃಖವೂ ಆಗಿತ್ತು. ಮೊಮ್ಮಗಳು ಕಬ್ಬಿಣದ ತೊಟ್ಟಿಲಲ್ಲಿ ಮಲಗುವುದನ್ನು ನೆನೆದರೆ ತನ್ನ ತೊಟ್ಟಿಲೇ ಹೋಗಬೇಕೆಂದು ಆಸೆಯಾಗುತ್ತಿತ್ತು. ಲಲಿತಮ್ಮನವರ ಒಲೆಯ ಮುಂದಿನ ಮಾತು ನೆನೆದರೆ ಆ ಆಸೆಯೇ ದೊಡ್ಡ ಸ್ವಾರ್ಥ ಅನ್ನಿಸುತ್ತಿತ್ತು. ಆದರೆ ಅವಳು ಅಳುತ್ತ ಕೂರುವ ಪೈಕಿಯಲ್ಲ. ಏನಾದರೂ ಕೆಟ್ಟರೆ ಎಲ್ಲಿ ಕೆಟ್ಟಿತೆಂದು ಮೊದಲು ನೋಡುವವಳು.

ಬೆಳಗ್ಗೆ ಶೆಡ್ಡಿನಿಂದ ಟಕ್ ಟಕ್ ಸದ್ದು ಬರುವುದನ್ನು ಕೇಳಿ ದೇವರಾಜ್ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿಬಂದ. ಲತಾಮಣಿ ಮರದ ಕೊಡತಿ ಹಿಡಿದು ತೊಟ್ಟಿಲಿನ ಬೆಣೆಗಳನ್ನು ಹಿಂದಿನಿಂದ ಹೊಡೆದು ಒಂದೊಂದಾಗಿ ಕಳಚುತ್ತಿದ್ದಳು.

"ತಲೆಗಿಲೆ ಕೆಟ್ಟಿದ್ಯಾ ನಿಂಗೆ? ಏನೇ ಮಾಡ್ತಿದೀಯ?"

"ಬಿಚ್ತಾ ಇದೀನಿ. ಫೋನ್ ತರಬೇಡಿ."

ಸ್ವಲ್ಪ ಹೊತ್ತಿಗೆ ಮೇಜಿನ ಮೇಲೆ ಹಲಗೆ, ಪಟ್ಟಿ, ಬೆಣೆ ಬಿಟ್ಟರೆ ಏನೂ ಇರಲಿಲ್ಲ. ಕೈಯೊರೆಸಿಕೊಂಡು ಅವಳು ಗೆಂಡೆಹಳ್ಳಿಗೆ ಫೋನ್ ಹಚ್ಚಿದಳು.

"ಲಲಿತಕ್ಕ, ನನ್ನಿಂದ ತಪ್ಪಾಯ್ತು. ನಾನು ತೂಗಿದ್ನಲ್ಲ, ಆ ತೊಟ್ಟಿಲು ಈಗಿಲ್ಲ. ಪೂರ್ತಿ ಬಿಚ್ಚಿದೀನಿ. ಈಗ ಬರೀ ಹಲಸಿನ ಮರ ಐತೆ. ಅದನ್ನ ತಂದು ನಿಮ್ಮ ಮನೆ ಹಜಾರದಲ್ಲೇ ಕಟ್ತೀನಿ. ಕಟ್ಟಿದ ತಕ್ಷಣ, ಮಗೂಗಿಂತ ಮುಂಚೆ ಮಲಗಿಸೋ ಗುಂಡುಕಲ್ಲು ನೀವೇ ಇಡಿ, ಒಂದು ಗಳಿಗೇನೂ ಅದು ಖಾಲಿ ನಿಲ್ಲಬಾರದು. ನೋಡಿದ್ಮೇಲೂ ಮನಸ್ಸು ಒಪ್ಪಲಿಲ್ಲ ಅಂದ್ರೆ ವಾಪಸ್ ತಗೊಂಡು ಹೋಗ್ತೀನಿ. ನಂಗೇನೂ ಬೇಜಾರಿಲ್ಲ."

ಕಡೆಯ ಮಾತು ಹಸೀ ಸುಳ್ಳು.

"ಬನ್ನಿ, ನೋಡಾನ" ಎಂದರು ಲಲಿತಮ್ಮ.

ನಾಮಕರಣದ ಹಿಂದಿನ ದಿನವೇ ಸತೀಶ ಬಂದು ಹೆಂಡತಿ ಮಗುವನ್ನು ಕಾರಿನಲ್ಲಿ ಕರೆದೊಯ್ದ. ಮರುದಿನ ಬೆಳಗ್ಗೆ ಗಂಡ ಹೆಂಡತಿ ಜಮಖಾನದಲ್ಲಿ ಕಟ್ಟಿದ ಮರದ ಗಂಟು, ಕೊಡತಿ ಉಳಿಗಳ ಚೀಲದೊಂದಿಗೆ ಬೇಲೂರು ಬಸ್ ಹತ್ತಿದರು. ಹಳೇಬೀಡಿನಲ್ಲಿ ದೇವಸ್ಥಾನ ನೋಡಿ ಬಂದ ಜನ ನುಗ್ಗಿದಾಗ ಕಂಡಕ್ಟರ್ ಗಂಟನ್ನು ಕಾಲಲ್ಲಿ ಸರಿಸಲು ಹೋದ.

"ಕಾಲು ತೆಗೀರಿ" ಎಂದಳು ಲತಾಮಣಿ, ಕ್ಲಾಸಿನ ದನಿಯಲ್ಲಿ. "ಮಗು ಮಲಗೋ ತೊಟ್ಟಿಲಿನ ಮರ ಅದು." ಕಂಡಕ್ಟರ್ ಬಗ್ಗಿ ಗಂಟು ಮುಟ್ಟಿ ಕಣ್ಣಿಗೊತ್ತಿಕೊಂಡ, ಬೇಲೂರಿನವರೆಗೂ ಅದರ ಹತ್ತಿರ ಯಾರನ್ನೂ ನಿಲ್ಲಗೊಡಲಿಲ್ಲ.

ಗೆಂಡೆಹಳ್ಳಿಯ ಹಜಾರದಲ್ಲಿ ನೆಂಟರು ಸೇರಿದ್ದರು. ಗೋಡೆಯ ಬದಿಗೆ ಹೊಸ ಕಬ್ಬಿಣದ ತೊಟ್ಟಿಲು, ಅದರ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ಲತಾಮಣಿ ಅದನ್ನು ನೋಡಿದರೂ ನೋಡದಂತೆ ಸೆರಗು ಸಿಕ್ಕಿಸಿ ನೆಲಕ್ಕೆ ಕೂತಳು. ಪಟ್ಟಿಗಳನ್ನು ಜೋಡಿಸಿದಳು, ಬೆಣೆ ಹೊಡೆದಳು. ಕೊಡತಿಯ ಪೆಟ್ಟು ಒಂದೂ ಆಚೀಚೆ ಬೀಳಲಿಲ್ಲ. ಬೀಗಿತ್ತಿಯೊಬ್ಬಳು ನೆಂಟರ ನಡುವೆ ಹೀಗೆ ನೆಲದ ಮೇಲೆ ಕೂತು ಮರ ಬಡಿಯುವುದನ್ನು ಆ ಊರು ಕಂಡಿರಲಿಲ್ಲ, ಜನ ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು.

ಕೊನೆಯ ಬೆಣೆ ಹೊಡೆಯುವಾಗ ಚಟ್ ಎಂದಿತು. ಬೆಣೆ ಉದ್ದಕ್ಕೆ ಸೀಳಿ ಎರಡು ಹೋಳಾಯಿತು.

"ಇದ್ಯಾಕೋ ಶಕುನ ಚೆನ್ನಾಗಿಲ್ಲ ಕಣ್ರವ್ವ" ಎಂದಳು ಹಿಂದಿನಿಂದ ಒಬ್ಬ ಮುದುಕಿ.

ಲತಾಮಣಿ ಹೋಳುಗಳನ್ನು ಬೆಳಕಿಗೆ ಹಿಡಿದು ನೋಡಿ, "ಮೊನ್ನೆ ಹೊಡೆದು ಕಿತ್ತಿದ್ದಕ್ಕೆ ಬಿರುಕು ಬಿಟ್ಟಿತ್ತು, ನಾನು ನೋಡ್ಕೊಳ್ಳಲಿಲ್ಲ. ಹೊಸದು ಕೆತ್ತಬೇಕು. ಗಟ್ಟಿ ಮರದ ಒಂದು ತುಂಡು ಕೊಡ್ತೀರಾ ಲಲಿತಕ್ಕ?" ಎಂದಳು.

ಲಲಿತಮ್ಮ ಒಳಗೆ ಹೋಗಿ ಮುರಿದ ಒನಕೆಯ ತುಂಡೊಂದನ್ನು ತಂದರು. ಹಿಡಿದು ಹಿಡಿದು ಅದರ ಮೈ ಕನ್ನಡಿಯಂತೆ ನುಣುಪಾಗಿತ್ತು.

"ನಮ್ಮತ್ತೆ ಕಾಲದ್ದು. ಎಷ್ಟು ರಾಗಿ, ಎಷ್ಟು ಭತ್ತ ಕುಟ್ಟೈತೋ ಲೆಕ್ಕ ಇಲ್ಲ. ಇದು ಸೀಳಲ್ಲ, ತಗಳಿ" ಎಂದವರೇ ಹಿಂದಕ್ಕೆ ತಿರುಗಿ, "ಶಕುನ ಹೇಳೋರು ಹೋಗಿ ಒಬ್ಬಟ್ಟು ತಟ್ರಿ, ಅಲ್ಲಿ ಕೈ ಸಾಲ್ದು" ಎಂದರು.

ಆ ಒನಕೆ ತುಂಡು ಉಳಿಯ ಬಾಯನ್ನೇ ಮೊಂಡು ಮಾಡುವಷ್ಟು ಗಟ್ಟಿ. ಲತಾಮಣಿ ಬೆವರು ಸುರಿಸಿ ಕೆತ್ತಿದಳು. ಹಳದಿ ಹಲಸಿನ ನಡುವೆ ಆ ಕಪ್ಪು ಬೆಣೆ ಗಟ್ಟಿಯಾಗಿ ಕೂತಿತು. ಅವಳು ಕೈ ತೆಗೆಯುವ ಮೊದಲೇ ಲಲಿತಮ್ಮ ಗುಂಡುಕಲ್ಲನ್ನು ತೊಟ್ಟಿಲಿಗಿಟ್ಟಿದ್ದರು. ಶಾಸ್ತ್ರಕ್ಕೆ ಇಡುವ ಪುಟ್ಟ ಕಲ್ಲಲ್ಲ, ಒರಳಿನ ದೊಡ್ಡ ಗುಂಡು. ಶಾಸ್ತ್ರಕ್ಕೆ ಶಾಸ್ತ್ರ, ಪರೀಕ್ಷೆಗೆ ಪರೀಕ್ಷೆ. ಎರಡೂ ಕೈಯಿಂದ ತೂಗಿದರು, ತೊಟ್ಟಿಲು ಒಂದಿಷ್ಟೂ ವಾಲಲಿಲ್ಲ.

"ಕೊಡಿಲ್ಲಿ ಮಗೀನ" ಎಂದು ಲಲಿತಮ್ಮ ಕೈ ಚಾಚಿದರು. ಹೆಂಗಸರು ಜೋಗುಳ ಎತ್ತಿಕೊಂಡರು. ಕಬ್ಬಿಣದ ತೊಟ್ಟಿಲನ್ನು ಯಾರೋ ಹೊರಗೆ ಜಗಲಿಗೆ ಸಾಗಿಸಿದರು. ಮೊಮ್ಮಗಳು ಹಲಸಿನ ತೊಟ್ಟಿಲಲ್ಲಿ ಮಲಗಿ ಮುಷ್ಟಿ ಬಾಯಿಗಿಟ್ಟುಕೊಳ್ಳುವುದನ್ನು ನೋಡುತ್ತ ಲತಾಮಣಿಗೆ ಕಣ್ಣು ತುಂಬಿಬಂತು, ಅವಳು ಒರೆಸಿಕೊಳ್ಳಲೂ ಹೋಗಲಿಲ್ಲ. ದೇವರಾಜ್ ಮಾತ್ರ ಬರಿಗೈಲಿ ಏನು ಮಾಡಬೇಕೋ ತಿಳಿಯದೆ ಕಂಬಕ್ಕೊರಗಿ ನಿಂತಿದ್ದ. ಫೋನ್ ಜೇಬಿನಿಂದ ತೆಗೆಯಬಾರದೆಂದು ಹೆಂಡತಿ ಬಸ್ಸಿನಲ್ಲೇ ಅಪ್ಪಣೆ ಮಾಡಿದ್ದಳು.

ಊಟ ಮುಗಿಯುವ ಹೊತ್ತಿಗೆ ಮಗು ಅಳತೊಡಗಿತು. ಧನುಶ್ರೀ ಬಂದು ಎತ್ತಿಕೊಂಡಳು. ಎತ್ತಿದ ರಭಸಕ್ಕೆ ಖಾಲಿ ತೊಟ್ಟಿಲು ತಾನಾಗಿ ತೂಗತೊಡಗಿತು. ಲತಾಮಣಿ ಎಂಜಲು ಕೈಯಲ್ಲೇ ದಡಕ್ಕನೆ ಎದ್ದಳು. ಆದರೆ ಲಲಿತಮ್ಮ ಅವಳಿಗಿಂತ ಹತ್ತಿರವಿದ್ದರು. ನೆಲದ ಮೇಲಿದ್ದ ಅವಳ ಕೊಡತಿಯನ್ನು ಎತ್ತಿ, ಮಗು ಮಲಗಿದ್ದ ಜಾಗದಲ್ಲಿ ಮಲಗಿಸಿ, ಮೇಲೆ ಹೊದಿಕೆಯ ಅಂಚು ಎಳೆದರು.

"ಅಣ್ಣಾವ್ರೆ, ಎಲ್ಲಿ ನಿಮ್ಮ ಫೋನು? ಹಿಡೀರಿ ಈಗ" ಎಂದರು ದೇವರಾಜನಿಗೆ. ಅವನು ಹೆಂಡತಿಯ ಮುಖ ನೋಡಿದ, ಅವಳು ತಲೆಯಾಡಿಸಿದಳು.

ಲಲಿತಮ್ಮ ತೊಟ್ಟಿಲ ಅಂಚಿಗೆ ಒಂದೇ ಬೆರಳು ತಾಗಿಸಿ ತೂಗಿಬಿಟ್ಟರು. ಅದು ಹೋಗಿ ಬಂತು, ಹೋಗಿ ಬಂತು. ಅವರು ಫೋನಿನ ಕಡೆ ತಿರುಗಿ, "ಕೇಳಿ, ಒಂದು ಸದ್ದಿಲ್ಲ" ಎಂದರು.

ಸಂಜೆ ಹೊರಡುವಾಗ ಕೊಡತಿ ಇನ್ನೂ ತೊಟ್ಟಿಲಲ್ಲೇ ಇತ್ತು, ಅದರ ಪಕ್ಕದಲ್ಲಿ ಮಗು ನಿದ್ದೆ ಹೋಗಿತ್ತು. ಲತಾಮಣಿ ಕೊಡತಿಯನ್ನು ವಾಪಸ್ ಕೇಳಲಿಲ್ಲ. ಅರಸೀಕೆರೆಗೆ ಹೋಗಿ ಇನ್ನೊಂದು ಮಾಡಿಕೊಂಡರಾಯಿತು ಎಂದುಕೊಂಡು ಬಸ್ ಹತ್ತಿದಳು.