ಖಾಲಿ ಜೀನಿನ ಹೆಸರು

ಕಾಪರ್ ಬೆಂಡ್ ಊರಿನಲ್ಲಿ ಜುಲೈ ಮೆರವಣಿಗೆಗೆ ಮೋಟಾರು ಬರುವ ಹಾಗಿಲ್ಲ. ಕುದುರೆ, ಹೇಸರಗತ್ತೆ, ಎತ್ತು, ಮನುಷ್ಯರ ಕಾಲು, ಅಷ್ಟೇ. ರೋಡಿಯೋ ಎಂಬ ಕುದುರೆ ಪಳಗಿಸುವ ಪಂದ್ಯ ನೋಡಲು ಹೊರಗಿನವರು ಸಾಕಷ್ಟು ಬರುತ್ತಾರೆ. ಮೆರವಣಿಗೆ ಮಾತ್ರ ಊರಿನವರ ಸ್ವಂತ ಸಡಗರ. ಅದರ ಪ್ರಚಾರ ಹದಿನಾಲ್ಕು ವರ್ಷಗಳಿಂದ ವೆಲ್ಮಾ ಪ್ರೂಯಿಟ್ ಎಂಬವಳ ತಲೆಯ ಮೇಲೆ. ಸಂಬಳವಿಲ್ಲ, ಸನ್ಮಾನವಿಲ್ಲ. ಅಂಗಡಿ ಅಂಗಡಿ ತಿರುಗಿ ಪೋಸ್ಟರ್ ಅಂಟಿಸುವುದು, ರೇಡಿಯೋದವನನ್ನು ಕಾಡಿ ಬೇಡಿ ಎರಡು ಮಾತು ಹೇಳಿಸುವುದು, ಎಲ್ಲ ಮುಗಿದ ಮೇಲೆ "ಈ ಸಲ ಅಕ್ಷರ ಸಣ್ಣದಾಯ್ತಲ್ಲ" ಎನ್ನಿಸಿಕೊಳ್ಳುವುದು.

ಈ ಸಲ ಅವಳಿಗೆ ಸಣ್ಣ ಅಕ್ಷರವೇ ಬೇಕಾಗಿತ್ತು. ಕಣ್ಣಿಗೇ ಕಾಣದಷ್ಟು ಸಣ್ಣದು.

ಮೆರವಣಿಗೆಯಲ್ಲಿ ಬಾವುಟಗಳ ಹಿಂದೆಯೇ ಸವಾರನಿಲ್ಲದ ಕುದುರೆಯೊಂದು ಬರುತ್ತದೆ. ಆ ವರ್ಷ ತೀರಿಕೊಂಡ ಹಿರಿಯನ ಬೂಟುಗಳನ್ನು ಅದರ ಕಾಲಿಡುವ ರಿಕಾಪುಗಳಿಗೆ ಹಿಂದುಮುಂದಾಗಿ ಸಿಕ್ಕಿಸಿರುತ್ತಾರೆ. ಜನ ಟೊಪ್ಪಿ ತೆಗೆದು ನಿಲ್ಲುತ್ತಾರೆ. ಅದನ್ನು ಖಾಲಿ ಜೀನು ಎನ್ನುವುದು ವಾಡಿಕೆ. ಈ ವರ್ಷ ಅದು ಯಾರ ನೆನಪಿಗೆ ಎಂಬುದು ಪೋಸ್ಟರಿನ ಕೊನೆಯ ಸಾಲಿನಲ್ಲಿ ಅಚ್ಚಾಗುತ್ತದೆ. ಪೋಸ್ಟರ್ ಅಚ್ಚಿಗೆ ಹೋಗುವುದು ಮೇ ತಿಂಗಳಲ್ಲಿ. ಆ ಮೇ ತಿಂಗಳಲ್ಲಿ ವೆಲ್ಮಾಳ ಅಣ್ಣ ಹಾರ್ಲನ್, ಮೂವತ್ತೊಂದು ವರ್ಷ ಮೆರವಣಿಗೆಯಲ್ಲಿ ಹೇಸರಗತ್ತೆಗಳ ದೊಡ್ಡ ಗಾಡಿ ಹೊಡೆದವನು, ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಸಿಕೊಂಡು ಮಲಗಿದ್ದ. ಜೂನ್ ಕಾಣುವುದು ಕಷ್ಟ ಎಂದು ವೈದ್ಯರು ಕೈಚೆಲ್ಲಿದ್ದರು.

ಸಮಿತಿಯ ಸಭೆಯಲ್ಲಿ ಆ ಸಾಲಿನ ಮಾತು ಬಂದಾಗ ಎಲ್ಲರೂ ಕಾಫಿ ಕಪ್ಪಿನೊಳಗೆ ಕಣ್ಣಿಟ್ಟು ಕೂತರು. ಆ ವರ್ಷ ಊರಿನಲ್ಲಿ ಹಿರಿಯರು ಯಾರೂ ಸತ್ತಿರಲಿಲ್ಲ, ಅದೊಂದು ಗ್ರಹಚಾರ. ಕೊನೆಗೆ ವೆಲ್ಮಾಳೇ ಬಾಯಿಬಿಟ್ಟಳು. "ಅವನ ಹೆಸರೇ ಹಾಕಿಬಿಡಿ. ಜುಲೈ ಹೊತ್ತಿಗೆ ಅವನಿಗೊಂದು ಸಾಲೂ ಇಲ್ದೇ ಹೋದ್ರೆ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ." ಮರ್ಯಾದೆ ಎಂದುಕೊಂಡೇ ಹೇಳಿದ್ದಳು. 'ದಿವಂಗತ ಹಾರ್ಲನ್ ಪ್ರೂಯಿಟ್' ಎಂದು ಅಚ್ಚಾಯಿತು, ಹುಟ್ಟಿದ ವರ್ಷ, ಅಡ್ಡಗೆರೆ, ಸತ್ತ ವರ್ಷ ಸಮೇತ.

ಹಾರ್ಲನ್ ಸಾಯಲಿಲ್ಲ.

ಮೊದಲು ನಳಿಗೆ ತೆಗೆಸಿಕೊಂಡ. ಆಮೇಲೆ ಸೂಪಿಗೆ ಉಪ್ಪಿಲ್ಲವೆಂದು ಜಗಳ ತೆಗೆದ. ಜೂನ್ ಹತ್ತಕ್ಕೆ ವೆಲ್ಮಾಳ ಮನೆಗೆ ಬಂದು ಕೂತೇಬಿಟ್ಟ. ಅಲ್ಲಿಂದ ಅವನದು ಒಂದೇ ಜಪ: ಗಾಡಿ. ಬೆಳಕು ಹರಿದರೆ ಸಾಕು, ಹೇಸರಗತ್ತೆಗಳ ದೊಡ್ಡಿಗೆ ಕರೆದುಕೊಂಡು ಹೋಗು ಎನ್ನುತ್ತಿದ್ದ. ಬೇಲಿ ಹಿಡಿದು ಮೊದಲ ದಿನ ಹತ್ತು ಹೆಜ್ಜೆ. ವಾರ ಕಳೆಯುವಷ್ಟರಲ್ಲಿ ಪೂರಾ ಒಂದು ಸುತ್ತು. ಅನ್ನ ನೀರು ಔಷಧಿಗಿಂತ ಆ ಗಾಡಿಯ ಆಸೆಯೇ ಅವನನ್ನು ನಿಲ್ಲಿಸಿದೆ ಎಂಬುದು ವೆಲ್ಮಾಳಿಗೆ ಕಣ್ಣಾರೆ ಕಾಣುತ್ತಿತ್ತು. ಆ ಪೋಸ್ಟರ್ ಮಾತ್ರ ಅವನ ಕಣ್ಣಿಗೆ ಬೀಳಕೂಡದು.

ಇನ್ನೊಮ್ಮೆ ಅಚ್ಚು ಹಾಕಿಸಲು ಸಮಯವಿರಲಿಲ್ಲ. ಹಳದಿ ಕಾಗದದ ಪಟ್ಟಿಗಳ ಮೇಲೆ 'ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ' ಎಂದು ಬರೆದು, ಕೊನೆಯ ಸಾಲಿನ ಮೇಲೆ ಅಂಟಿಸುತ್ತಾ ಹೋದಳು ವೆಲ್ಮಾ. ಜೊತೆಗೆ ಡ್ಯೂಯಿ ಇದ್ದ. ಹಿಂದೆ ಶಾಲೆಯ ಬಸ್ಸು ಓಡಿಸುತ್ತಿದ್ದವನು, ಈಗ ನಿವೃತ್ತ, ಹೇಳದ ಕೆಲಸವನ್ನೂ ಮಾಡಿಬಿಡುವ ಉತ್ಸಾಹಿ.

"ಅಣ್ಣ ಬದುಕಿದ್ದಕ್ಕೆ ಕಣ್ಣೀರು ಹಾಕೋ ತಂಗೀನ ಇವತ್ತೇ ನೋಡಿದ್ದು ನಾನು," ಎಂದ ಡ್ಯೂಯಿ.

"ಬಾಯಿ ಮುಚ್ಕೊಂಡು ಅಂಟು ಹಚ್ಚು."

"ನನ್ನ ಕೇಳಿದ್ರೆ ಅವನಿಗೇ ಹೇಳಿಬಿಡು. ನಕ್ಕುಬಿಡ್ತಾನೆ. ಸತ್ತಮೇಲೂ ಗಾಡಿ ಹೊಡೆದೋನು ನಾನೊಬ್ನೇ ಅಂತ ಊರೆಲ್ಲಾ ಹೇಳ್ಕೊಂಡು ತಿರುಗ್ತಾನೆ."

"ನಗದೇ ಇದ್ರೆ?"

ಡ್ಯೂಯಿ ಕೊನೆಯ ಪಟ್ಟಿಗೆ ಅಂಟು ಹಚ್ಚಿದ.

"ಎಲ್ಲಾ ಮುಚ್ಚಿದ್ವಾ? ಸರಿಯಾಗಿ ನೆನಪು ಮಾಡ್ಕೊಂಡು ಹೇಳು."

"ನಮ್ಮೂರಲ್ಲಿ ಒಂದೂ ಬಿಟ್ಟಿಲ್ಲ ನನ್ನ ತಾಯಿ. ಊರಂಚಿನ ಮುದುಕಿಯೊಬ್ಳು ಕೋಳಿಗೂಡಿನ ಬಾಗಿಲಿಗೆ ಹೊಡ್ಕೊಂಡಿದ್ಳಲ್ಲ, ಅದನ್ನೂ ಬಿಟ್ಟಿಲ್ಲ."

'ನಮ್ಮೂರಲ್ಲಿ' ಎಂಬ ಮಾತನ್ನು ಅವಳು ಆಗಲೇ ಹಿಡಿದು ಕೇಳಬೇಕಿತ್ತು. ಕೇಳಲಿಲ್ಲ.

ಹಾರ್ಲನ್ ಸುಮ್ಮನಿರುವ ಆಸಾಮಿಯಲ್ಲ. ಪೋಸ್ಟರ್ ತೋರಿಸು ಎಂದು ಹಟ ಹಿಡಿದ. ಪಟ್ಟಿ ಅಂಟಿಸಿದ್ದೊಂದನ್ನು ತಂದು ತೋರಿಸಿದಳು.

"ಇದೇನಿದು ಹಳದಿ ತೇಪೆ?"

"ಹೊತ್ತು ತಪ್ಪಾಗಿ ಅಚ್ಚಾಗಿತ್ತು ಅಣ್ಣಾ."

"ನಾನು ಹುಟ್ಟಿದಾಗಿಂದ ಒಂಬತ್ತು ಗಂಟೆಗೇ ಹೊರಡೋದು. ಅದನ್ನೂ ತಪ್ಪು ಮಾಡಿದ್ರಾ? ಒಂದು ತಿಂಗಳು ಮಲಗಿದ್ರೆ ಸಾಕು, ಎಲ್ಲಾ ಎಕ್ಕುಟ್ಟಿಸ್ತೀರಿ." ಪೋಸ್ಟರ್ ವಾಪಸ್ಸು ಕೊಡುತ್ತಾ ಕೇಳಿದ, "ಈ ಸಲ ಖಾಲಿ ಜೀನು ಯಾರದು?"

"ಯಾರದೂ ಇಲ್ಲ. ಯಾರೂ ಸಾಯಲಿಲ್ಲ."

"ಒಳ್ಳೇ ವರ್ಷ," ಎಂದ ಹಾರ್ಲನ್.

ವೆಲ್ಮಾ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತಳು.

ಮೆರವಣಿಗೆಗೆ ಹತ್ತು ದಿನವಿದ್ದಾಗ ಅವನನ್ನು ಪಕ್ಕದ ಲ್ಯಾಂಬರ್ಟ್ ಊರಿನ ದವಾಖಾನೆಗೆ ಕರೆದೊಯ್ದಳು. ಗಾಡಿ ಹೊಡೆಯಬಹುದೇ ಎಂದು ಕೇಳುವುದಕ್ಕೇ ಹೋದದ್ದು. ಅಲ್ಲಿಯ ಡಾಕ್ಟರಮ್ಮ ಎದೆಗೆ ಕೊಳವೆಯಿಟ್ಟು ಆಲಿಸಿ, ಕೈ ಹಿಡಿದು ನೋಡಿ, "ಹೊಡೀರಿ. ಆದ್ರೆ ಪಕ್ಕದಲ್ಲಿ ಒಬ್ರು ಕೂತಿರಬೇಕು" ಎಂದರು.

ಹಾರ್ಲನ್ ಮುಖ ಊರಗಲವಾಯಿತು. "ಕೇಳಿಸ್ತೇನೇ? ನೀನೇ ಕೂತ್ಕೋ. ಬಾಯಿ ಮಾತ್ರ ಬಿಡಬೇಡ, ಕತ್ತೆಗಳು ಬೆದರ್ತಾವೆ."

ಅವಳೂ ನಕ್ಕಳು. ಎಷ್ಟೋ ದಿನಗಳ ಮೇಲೆ ಹೊಟ್ಟೆತುಂಬಾ ನಕ್ಕದ್ದು ಅದೇ. ನಗುತ್ತಲೇ ಅಂಗಿಯ ಗುಂಡಿ ಹಾಕಿಕೊಟ್ಟು, ತೋಳು ಹಿಡಿದು ಹೊರಗೆ ಕರೆತಂದಳು. ಬಾಗಿಲ ಪಕ್ಕದ ಗೋಡೆಯಲ್ಲಿ ಪೋಸ್ಟರ್ ಇತ್ತು. ಹಳದಿ ಪಟ್ಟಿ ಇರಲಿಲ್ಲ.

ಹಾರ್ಲನ್ ನಿಂತ. ಮೇಲಿನ ಕುದುರೆಯ ಚಿತ್ರದಿಂದ ಶುರುಮಾಡಿ ಒಂದೊಂದೇ ಸಾಲು ಓದಿಕೊಂಡು ಕೆಳಗಿಳಿದ. ಬಾ ಅಣ್ಣಾ ಎಂದು ಎಳೆದುಕೊಂಡು ಹೋಗಬಹುದಿತ್ತು. ಅವಳು ಹಿಡಿದಿದ್ದ ತೋಳನ್ನು ಬಿಟ್ಟಳು. ಅವನು ಕೊನೆಯ ಸಾಲಿಗೆ ಬಂದು ಅಲ್ಲೇ ಉಳಿದ.

"ಚೆನ್ನಾಗಿ ಬಂದಿದೆ ಅಲ್ವಾ?" ಎಂದಳು ಮೇಜಿನ ಹಿಂದಿದ್ದ ಹೆಂಗಸು, ಬರೆಯುತ್ತಿದ್ದ ಕಾಗದದಿಂದ ತಲೆಯೆತ್ತದೆ. "ನಮ್ಮ ಡ್ಯೂಯಿ ಭಾವ ತಂದ್ಕೊಟ್ಟಿದ್ದು. ಈ ಊರಿನೋರೂ ಬರ್ಲಿ ಅಂತ."

"ಚೆನ್ನಾಗಿದೆಯಮ್ಮಾ," ಎಂದ ಹಾರ್ಲನ್.

ಪಿಕಪ್ ಹೆದ್ದಾರಿಗೆ ಬಂದು ಎಂಟು ಮೈಲಿ ಕಳೆಯಿತು. ಅವಳು ಬೈಗುಳಕ್ಕೆ ಕಾದಳು. ಚಿಕ್ಕಂದಿನಿಂದ ಅವನ ಬಾಯಿಂದ ಎಷ್ಟು ಬೈಸಿಕೊಂಡಿದ್ದಾಳೋ ಲೆಕ್ಕವಿಲ್ಲ. ಈಗೊಂದು ಸಲ ಬೈದುಬಿಡಬಾರದೇ ಎನಿಸಿತು.

"ಸಭೆ ಯಾವತ್ತು ನಡೀತು?"

"ಅಣ್ಣಾ, ಡಾಕ್ಟ್ರುಗಳು ಆಗಲ್ಲ ಅಂದ್ಬಿಟ್ಟಿದ್ರು. ಅಚ್ಚಿನವನು ಬೇರೆ..."

"ಯಾವತ್ತು ಅಂತ ಕೇಳ್ದೆ."

"ಮೇ ತಿಂಗಳು. ಎರಡನೇ ಮಂಗಳವಾರ."

"ನನ್ನ ಹೆಸರು ಹಾಕಿ ಅಂದೋರು ಯಾರು?"

"ನಾನೇ."

ಅವನು ನೆನಪು ಮಾಡಿಕೊಂಡ. "ಆ ಮಂಗಳವಾರ ಸಾಯಂಕಾಲ ನೀನು ಡಬ್ಬಿ ಪೀಚ್ ತಂದಿದ್ದೆ. ಚಮಚದಲ್ಲಿ ತಿನ್ನಿಸ್ತಾ, ಬೇಗ ಎದ್ದೇಳು ಅಣ್ಣಾ, ನೀನಿಲ್ದೆ ಈ ಸಲ ಗಾಡಿ ಹೊರಡಲ್ಲ ಅಂದೆ. ಸಭೆ ಮುಗಿಸ್ಕೊಂಡೇ ಬಂದಿದ್ದಾ?"

ಸುಳ್ಳು ಹೇಳಲು ಅವಳಿಗೆ ಶಕ್ತಿಯಿರಲಿಲ್ಲ. "ಹೂಂ."

"ನಾನು ನಂಬಿದೆ ಕಣೇ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. "ಎಲ್ಲರೂ ಕೈಬಿಟ್ಟಿದಾರೆ ಅಂತ ನಂಗೆ ಗೊತ್ತಿತ್ತು. ಅವರ ಮುಖ ನೋಡಿದ್ರೇ ಗೊತ್ತಾಗ್ತಿತ್ತು. ನೀನೊಬ್ಳು ಬಿಟ್ಟಿಲ್ವಲ್ಲ ಅಂತ ಎದ್ದೆ."

"ಎಲ್ಲಾ ಕಿತ್ತು ಹಾಕಿಸ್ತೀನಿ ಅಣ್ಣಾ. ಇವತ್ತೇ. ರೇಡಿಯೋದಲ್ಲಿ ಗಾಡಿ ನಮ್ಮ ಹಾರ್ಲನ್ನೇ ಹೊಡೆಯೋದು ಅಂತ ಹೇಳಿಸ್ತೀನಿ. ಡಾಕ್ಟರಮ್ಮ ಒಪ್ಪಿದ್ರಲ್ಲ, ನೀನೇ ಕೇಳಿದ್ಯಲ್ಲ. ನಾನು ಪಕ್ಕದಲ್ಲಿ ಕೂರ್ತೀನಿ. ಬಾಯಿ ಬಿಡಲ್ಲ, ಆಣೆಗೂ ಬಿಡಲ್ಲ." ಹೇಳುತ್ತ ಹೋದಳು. ಅವನು ಕಿಟಕಿಯಾಚೆ ನೋಡುತ್ತಿದ್ದ. ಕೇಳಿಸಿಕೊಂಡನೋ ಇಲ್ಲವೋ ತಿಳಿಯಲಿಲ್ಲ.

ದೊಡ್ಡಿಯ ತಿರುವು ಬಂತು. ಅವಳು ವೇಗ ತಗ್ಗಿಸಿದಳು.

"ನೇರ ಹೋಗು," ಎಂದ ಹಾರ್ಲನ್.

"ಕತ್ತೆಗಳು ಕಾಯ್ತಿರ್ತಾವೆ ಅಣ್ಣಾ. ಇವತ್ತು ಬೆಳಿಗ್ಗೆನೂ ಹೋಗಿಲ್ಲ."

"ಮನೆಗೆ ಹೋಗೋಣ. ಸುಸ್ತಾಗಿದೆ."

ಮನೆಗೆ ಬಂದ ದಿನದಿಂದ ಸುಸ್ತು ಎಂಬ ಮಾತು ಅವನ ಬಾಯಿಂದ ಬಂದದ್ದೇ ಇಲ್ಲ. ವೆಲ್ಮಾ ತಿರುವಿನಲ್ಲಿ ಪಿಕಪ್ ನಿಲ್ಲಿಸಿ, ಇನ್ನೊಂದು ಸಲ ಅವನ ಮುಖ ನೋಡಿದಳು. ಅವನು ಆಗಲೇ ಕಣ್ಣು ಮುಚ್ಚಿಕೊಂಡಿದ್ದ. ಅವಳು ನೇರ ಓಡಿಸಿದಳು.