ಬಚ್ಚಲ ಮೂಲೆಯ ಸಸಿ

೧೯೪೩ರ ಆಷಾಢ. ಷಡಕ್ಷರಿ ಮೇಷ್ಟ್ರಿಗೆ ಹೊಳೆನರಸೀಪುರಕ್ಕೆ ವರ್ಗವಾಗಿ ಮೂರು ತಿಂಗಳಾಗಿತ್ತು. ಅವರ ಹೆಂಡತಿ ನೀಲಾಂಬಿಕೆ ಚನ್ನರಾಯಪಟ್ಟಣದಲ್ಲಿ ಅಂಗಡಿಯ ಹಿಂದಿನ ಮನೆಯಲ್ಲಿ ಬೆಳೆದವಳು. ಅಲ್ಲಿ ಒಂದು ಹೂವಿನ ಕುಂಡ ಇಡಲೂ ಜಾಗವಿರಲಿಲ್ಲ. ಈ ಬಾಡಿಗೆ ಮನೆಗೋ ಉದ್ದನೆಯ ಹಿತ್ತಲು. ಹಿಂದೆ ಇದ್ದವರು ಏನೇನು ಬಿತ್ತಿದ್ದರೋ, ಮಳೆ ಬಿದ್ದದ್ದೇ ತಡ ನೆಲವೆಲ್ಲ ಮೊಳೆಯಿತು. ನೀಲಾಂಬಿಕೆಗೆ ಹುಚ್ಚೇ ಹಿಡಿಯಿತು. ಬೆಳಗಾಗೆದ್ದು ಒಂದೊಂದು ಸಸಿಯ ಮುಂದೂ ಕುಕ್ಕರುಗಾಲಲ್ಲಿ ಕೂತು ಎಲೆ ತಿರುವಿ ನೋಡುವಳು, ಮೂಸುವಳು, ಬಂದವರನ್ನೆಲ್ಲ ಅದರ ಹೆಸರು ಕೇಳುವಳು. ಯಾರಿಗೂ ಗೊತ್ತಾಗದಿದ್ದರೆ ತಾನೇ ಊಹಿಸಿಕೊಂಡು ಒಂದು ಹೆಸರಿಡುವಳು.

ಆ ಸೋಮವಾರ ಮೇಷ್ಟ್ರು ಕಚೇರಿ ಕೆಲಸಕ್ಕೆಂದು ಹಾಸನಕ್ಕೆ ಹೋಗಿದ್ದರು. ಅವಳು ಹಿತ್ತಲ ಬೆರಕೆಸೊಪ್ಪು ಕುಯ್ದು ಬಸ್ಸಾರು ಮಾಡಿದಳು. ತನಗೆ ಒಪ್ಪತ್ತು, ಉಂಡವರು ಅತ್ತೆ ಬಸವಲಿಂಗಮ್ಮ ಒಬ್ಬರೇ. ಚೆನ್ನಾಗಿದೆಯೆಂದು ಎರಡು ಸಲ ಹಾಕಿಸಿಕೊಂಡರು.

ಗಂಟೆ ಕಳೆಯುವಷ್ಟರಲ್ಲಿ ಅವರ ಬಾಯಿ ಒಣಗಿತು. ಮೂರು ಚೆಂಬು ನೀರು ಕುಡಿದರೂ ಆರಲಿಲ್ಲ. ಮುಖ ಕೆಂಪಡರಿತು, ಕಣ್ಣಿನ ಪಾಪೆ ಅಗಲವಾಯಿತು. ಗಾಳಿಯಲ್ಲಿ ಏನನ್ನೋ ಬೆರಳಿನಿಂದ ಬಿಡಿಸುತ್ತಾ, "ಈ ದಾರ ಯಾಕಿಂಗೆ ಸಿಕ್ಕಾಗೈತೆ?" ಎಂದರು. ನೀಲಾಂಬಿಕೆ ಕೈ ಹಿಡಿದಳು. ಅವರು ಕೊಸರಿಕೊಂಡು, "ನೀನ್ಯಾರವ್ವಾ?" ಎಂದರು.

ಪಕ್ಕದ ಮನೆಯ ಮಾಯಮ್ಮನನ್ನು ಅತ್ತೆಯ ಬಳಿ ಕೂರಿಸಿ ಆಸ್ಪತ್ರೆಗೆ ಓಡಿದಳು. ಡಾಕ್ಟರು ಹಳ್ಳಿಮೈಸೂರಿಗೆ ಹೋಗಿದ್ದರು. ಕಾಂಪೌಂಡರ್ ದೇವಯ್ಯ ಅವರನ್ನು ಕರೆತರಲು ಸೈಕಲ್ಲಿನಲ್ಲಿ ಆಳು ಕಳಿಸಿ, ತಾನೇ ಚೀಲ ಹಿಡಿದು ಬಂದ.

"ಏನ್ ತಿಂದವ್ರೆ?"

"ಸೊಪ್ಪಿನ ಸಾರು."

"ಯಾವ ಸೊಪ್ಪು?"

ಅವಳು ಹಿತ್ತಲ ಕಡೆ ಕೈ ತೋರಿಸಿದಳು. ದೇವಯ್ಯನ ದನಿ ಗಡುಸಾಯಿತು. "ಹೊಟ್ಟೆ ತೊಳೀತೀನಿ. ಆದ್ರೆ ಯಾವ ವಿಷ ಅಂತ ತಿಳೀದೆ ಸೂಜಿ ಚುಚ್ಚಾಕೆ ನನ್ನ ಕೈಲಾಗಾಕಿಲ್ಲ. ಡಾಕ್ಟರು ಬರೋ ಒತ್ತಿಗೆ ಗಿಡ ಯಾವ್ದು ಅಂತ ಗೊತ್ತಾಗ್ಬೇಕು. ಓಗಿ!"

ಹಿತ್ತಲಿಗೆ ಧಾವಿಸಿದಳು. ಅಷ್ಟು ದಿನ ಮುದ್ದಿಸಿದ್ದ ಸಸಿಗಳಲ್ಲಿ ಒಂದರ ಗುರುತೂ ತನಗೆ ನಿಜವಾಗಿ ಇಲ್ಲವೆಂಬುದು ಆಗ ಅರಿವಾಯಿತು. ಪ್ರತಿಯೊಂದರಿಂದಲೂ ಒಂದೊಂದು ಕುಡಿ ಕಿತ್ತು ಸೆರಗಿಗೆ ತುಂಬಿಕೊಂಡು, ಸಂತೆಬೀದಿಯಲ್ಲಿ ಸೊಪ್ಪು ಮಾರುತ್ತಿದ್ದ ಬೀರಮ್ಮನ ಮುಂದೆ ಸುರಿದಳು. ಮಾತಿಗೆ ಉಸಿರು ಸಾಲದು. ಹೇಗೋ ಹೇಳಿ ಮುಗಿಸಿದಳು.

ಬೀರಮ್ಮ ಒಂದೊಂದನ್ನೇ ಎತ್ತಿ ನೋಡಿದಳು. "ಇದು ದಂಟು. ಇದು ಗಣಿಕೆ. ಇದು ಅಣ್ಣೆ. ಇದು ಕನ್ನೆ..." ಕೊನೆಯ ಕುಡಿಯನ್ನೂ ಕೆಳಗಿಟ್ಟಳು. "ಇವ್ಯಾವೂ ಕೆಟ್ಟವಲ್ಲ ಕಣ್ ಮೇಷ್ಟ್ರಮ್ಮ. ದಿನಾ ಮಾರ್ತೀನಿ ನಾನು."

"ಹಾಗಾದ್ರೆ ಅತ್ತೆಗೇನಾಯ್ತು?" ನೀಲಾಂಬಿಕೆ ಬೀದಿಯಲ್ಲೇ ಅತ್ತಳು.

"ನೀವು ತರ್ದೆ ಇರೋದು ಏನೋ ಐತೆ. ಗ್ಯಾಪಕ ಮಾಡ್ಕಳಿ."

ಬಚ್ಚಲ ಮೂಲೆ! ಅಲ್ಲಿ ಏಳೆಂಟು ಸಸಿಗಳಿದ್ದವು, ಮೆತ್ತನೆಯ ಅಗಲ ಎಲೆ. ಗಣಿಕೆಯದೇ ದೊಡ್ಡ ಜಾತಿಯೆಂದುಕೊಂಡು ಬೆಳಿಗ್ಗೆ ಬುಡಸಹಿತ ಕಿತ್ತು, ಎಲೆಯನ್ನು ಸಾರಿಗೆ ಹಾಕಿ ದಂಟನ್ನು ತಿಪ್ಪೆಗೆ ಎಸೆದಿದ್ದಳು. ಮೂಲೆಯಲ್ಲಿ ಒಂದೂ ಉಳಿದಿರಲಿಲ್ಲ.

ಅದನ್ನು ಕೇಳಿದ್ದೇ ಬೀರಮ್ಮ ಸೊಪ್ಪಿನ ಮಂಕರಿಯನ್ನು ಅಲ್ಲೇ ಬಿಟ್ಟು ಅವಳ ಜೊತೆ ಹೊರಟಳು. ಇಬ್ಬರೂ ಹಿತ್ತಲ ತಿಪ್ಪೆಯಲ್ಲಿ ಮಂಡಿಯೂರಿ, ಒಲೆಯ ಬೂದಿ, ಹೀರೆಸಿಪ್ಪೆ ಎಲ್ಲವನ್ನೂ ಬರಿಗೈಯಲ್ಲಿ ಕೆದಕಿದರು. ಒಳಗಿನಿಂದ ಬಸವಲಿಂಗಮ್ಮ ಚೀರುವುದು ಕೇಳುತ್ತಿತ್ತು. ಕೂಗು ನಿಂತಾಗ ನೀಲಾಂಬಿಕೆ ಇನ್ನಷ್ಟು ಬಿರುಸಾಗಿ ಕೆದಕುತ್ತಿದ್ದಳು.

ಬೀರಮ್ಮನಿಗೆ ಒಂದು ದಂಟು ಸಿಕ್ಕಿತು, ತುದಿಯಲ್ಲಿ ಅರ್ಧ ಎಲೆ. ಉಜ್ಜಿ ಮೂಸಿದಳು. ಮುಖ ಸಿಂಡರಿಸಿದಳು.

"ಉಮ್ಮತ್ತಿ!"

"ಶಿವನಿಗೆ ಏರಿಸೋ ದತ್ತೂರಿ ಹೂವಿನ ಗಿಡವಾ? ಅದು ನನಗೆ ಗೊತ್ತಲ್ಲ ಬೀರಮ್ಮ..."

"ನೀವು ಹೂ ಕಂಡಿರೋರು. ಇದಿನ್ನೂ ಮೊಗ್ಗೂ ಕಾಣದ ಎಳೆ ಸಸಿ. ನಿಂತ್ಕಬ್ಯಾಡಿ, ಓಡಿ!"

ಡಾಕ್ಟರು ಬಂದಾಗ ಹೊತ್ತು ಮುಳುಗುತ್ತಿತ್ತು. ದಂಟು ನೋಡಿ, ಹೆಸರು ಕೇಳಿ, ಕೂಡಲೇ ಸೂಜಿ ಹಾಕಿದರು. "ಹೊಟ್ಟೆ ತೊಳೆದದ್ದು ಒಳ್ಳೇದಾಯ್ತು. ಇನ್ನು ನೋಡೋಣ," ಎಂದಷ್ಟೇ ಹೇಳಿದರು.

ಷಡಕ್ಷರಿ ಕಡೆಯ ಬಸ್ಸಿಗೆ ಬಂದರು. "ಗೊತ್ತಿಲ್ಲದ ಸೊಪ್ಪು ಹಾಕಿದೆಯಾ?" ಎಂದು ಒಂದೇ ಒಂದು ಮಾತು ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು. ಅವರು ತಾಯಿಯ ಕಡೆಗೆ ತಿರುಗಿ ಕೂತರು. ಎರಡು ದಿನ ಹೆಂಡತಿಯ ಕಡೆ ನೋಡಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

ಬಸವಲಿಂಗಮ್ಮ ಮರುದಿನವೂ ದಾರ ಬಿಡಿಸುತ್ತಲೇ ಇದ್ದರು. ನೀಲಾಂಬಿಕೆ ಅನ್ನ ಮುಟ್ಟದೆ ಒದ್ದೆ ಬಟ್ಟೆಯಿಂದ ಅವರ ಹಣೆ ಒರೆಸುತ್ತಾ ಕೂತಳು. ಮೂರನೆಯ ಬೆಳಿಗ್ಗೆ ಗುದ್ದಲಿ ತೆಗೆದುಕೊಂಡು ಹಿತ್ತಲನ್ನೆಲ್ಲ ಕೊಚ್ಚಿಹಾಕುವುದೆಂದು ಏಳುತ್ತಿದ್ದಾಗ ಅವಳ ಸೆರಗು ಜಗ್ಗಿತು.

"ನೀಲಾ, ಒಟ್ಟೆ ಅಸೀತಾ ಐತೆ."

ಅವಳು ಕುಸಿದು ಅತ್ತೆಯ ಪಾದಕ್ಕೆ ತಲೆಯಿಟ್ಟಳು. "ನನ್ನ ಕೈಯಡುಗೆ ಉಣ್ತೀರಾ ಅತ್ತೆ?"

ಮಂಜುಗಣ್ಣಿನಿಂದ ಅವಳ ಮುಖವನ್ನು ಹುಡುಕುತ್ತಾ ಬಸವಲಿಂಗಮ್ಮ ನಿಧಾನವಾಗಿ ಹೇಳಿದರು: "ಇನ್ಯಾರ ಕೈದು ಉಣ್ಲವ್ವಾ? ಗಂಜಿ ಕಾಸು. ಸೊಪ್ಪೊಂದ್ ಬ್ಯಾಡ."